ಬಿಯರಿಗೆ ಕೈ ಹಾಕಿದ ಮಧ್ಯಾಹ್ನ

ಇತ್ತೀಚೆಗೆ ಒಂದು ಮಧ್ಯಾಹ್ನ ನಾನು ಬಿಯರಿಗೆ ಕೈ ಹಾಕಿ ಕಲಸಿದೆ.

ಮಾತಿಗೆ ಹೇಳುತ್ತಿಲ್ಲ. ನಿಜವಾಗಿಯೂ ಷರ್ಟಿನ ತೋಳು ಮಡಚಿ, ಬಲಗೈಯನ್ನು ಬಕೆಟ್ಟಿಗೆ ಇಳಿಸಿ, ಇಡ್ಲಿ ಹಿಟ್ಟು ಕಲಸುವ ಹಾಗೆ ಕಲಸಿದೆ. ಸೋಪು ಹಚ್ಚಿ ಎರಡು ಸಲ ತೊಳೆದ ಕೈ. (ನಿಮ್ಮ ಸಮಾಧಾನಕ್ಕೆ ಹೇಳಿದೆ ಅಷ್ಟೆ, ಅದರಿಂದ ಏನೂ ಉಪಯೋಗವಾಗಲಿಲ್ಲ.) ನೀವು ನಗುತ್ತಿದ್ದೀರಿ, ಗೊತ್ತು. ಆದರೆ ಆ ಹೊತ್ತಿಗೆ ನನಗೆ ಬೇರೆ ದಾರಿಯೇ ಕಾಣಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಡಿಸೆಂಬರಿನ ಒಂದು ಭಾನುವಾರ ನಮ್ಮ ಮಗಳು ಮೇಘಾ ಡೌನ್‌ಟೌನಿನಿಂದ ನಗರದ ಹೊರವಲಯದ ಅರೋರಾದಲ್ಲಿರುವ ನಮ್ಮ ಮನೆಗೆ ಒಂದು ದೊಡ್ಡ ಡಬ್ಬ ಹೊತ್ತುಕೊಂಡು ಬಂದಳು. ಮನೆಯಲ್ಲೇ ಬಿಯರ್ ಮಾಡುವ ಕಿಟ್ಟು. ಮುಚ್ಚಳವಿರುವ ಪುಟ್ಟ ಬಕೆಟ್ಟು, ಬಾರ್ಲಿಯ ದಪ್ಪ ಪಾಕ, ಒಂದು ಪೊಟ್ಟಣ ಯೀಸ್ಟು, ಜೊತೆಗೆ ಮುಚ್ಚಳದ ತೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಕೊಳವೆಯಲ್ಲಿ ಸ್ವಲ್ಪ ನೀರು ಹಾಕಬೇಕು. ಒಳಗೆ ಹುದುಗು ಬಂದಾಗ ಗಾಳಿ ಆ ನೀರನ್ನು ತಳ್ಳಿಕೊಂಡು ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ರಿಟೈರ್ ಆದ ಅಪ್ಪನಿಗೆ ಒಂದು ಹವ್ಯಾಸ ಬೇಕಂತೆ.

ಊಟಕ್ಕೆ ಕೂತಾಗ ಇನ್ನೊಂದು ವಿಷಯ ಹೇಳಿದಳು. ಬ್ಯಾಂಕಿನ ಕೆಲಸ ಬಿಟ್ಟಿದ್ದಾಳೆ. ಎಂಟು ವರ್ಷದ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದಳು.

"ಬಿಯರ್ ರೆಡಿ ಆಗಕ್ಕೆ ಫೋರ್ ವೀಕ್ಸ್. ಆವತ್ತು ಬಂದು ಎಲ್ಲಾ ಹೇಳ್ತೀನಿ. ಟಿಲ್ ದೆನ್ ನೋ ಕ್ವೆಶ್ಚನ್ಸ್. ಪ್ಲೀಸ್, ಅಪ್ಪ."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಅವಳಿಗೆ ಮೂವತ್ತೊಂದು ವರ್ಷ. ಆದರೆ ನನಗೆ ಭಯವಾಗಿತ್ತು. ಮುಂದೇನು ಮಾಡುತ್ತಾಳೆ, ಏನಾದರೂ ತೊಂದರೆಯಲ್ಲಿದ್ದಾಳೆಯೇ, ನಮಗೆ ಹೇಳಲಾಗದಂಥದ್ದೇನು? ಕೇಳುವ ಹಾಗಿಲ್ಲ. ಹಾಗಾಗಿ ಅವಳ ಬಗೆಗಿನ ಚಿಂತೆಯನ್ನೆಲ್ಲ ಒಯ್ದು ಆ ಬಕೆಟ್ಟಿನ ಮೇಲೆ ಇಟ್ಟೆ. ಬಿಯರ್ ಆದರೆ ಮಗಳು ಬರುತ್ತಾಳೆ, ಆಗದಿದ್ದರೆ? ಹೀಗೆಲ್ಲ ಯೋಚಿಸುವುದು ಮೂರ್ಖತನ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದರೆ ಯೋಚನೆ ನಿಲ್ಲುತ್ತದೆಯೇ?

ಪಾಕ ಕುದಿಸಿದ ದಿನ ಮನೆಯೆಲ್ಲ ರಾಗಿ ಹುರಿದ ಹಾಗೆ ಘಮಘಮ. ನನ್ನ ಹೆಂಡತಿ ಸುಮಿತ್ರ ಬಿಯರ್ ಮುಟ್ಟುವವಳಲ್ಲ, ಆದರೂ ಎರಡು ಸಲ ಬಂದು ಮೂಸಿ ಹೋದಳು. ಆರಿಸಿ, ಯೀಸ್ಟು ಹಾಕಿ, ಮುಚ್ಚಳ ಒತ್ತಿ, ಬಕೆಟ್ಟನ್ನು ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸ್ ಪಕ್ಕ ಇಟ್ಟೆ. ಸುಮಿತ್ರಳ ಹಳೆಯ ಶಾಲು ಹೊದಿಸಿದೆ. ಎದುರಿಗೆ ಒಂದು ಕುರ್ಚಿ ಹಾಕಿಕೊಂಡು ಕೂತೆ.

ಎರಡು ದಿನವಾಯಿತು. ಒಂದೇ ಒಂದು ಗುಳ್ಳೆ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಮತ್ತೆ ಹೋಗಿ ಕೂತೆ. ಬೇಸ್‌ಮೆಂಟಿನ ಗೋಡೆಯ ಮೇಲ್ತುದಿಯ ಸಣ್ಣ ಕಿಟಕಿಗೆ ಅರ್ಧದವರೆಗೆ ಹಿಮ ಬಂದಿತ್ತು. ಅದರ ಮೂಲಕ ಬರುವ ಬೆಳಕಿಗೆ ಒಂಥರಾ ತಿಳಿನೀಲಿ ಬಣ್ಣ. ಫರ್ನೇಸ್ ಗುಂಯ್ ಎನ್ನುತ್ತಿತ್ತು. ಕೊಳವೆಯ ನೀರನ್ನೇ ನೋಡುತ್ತ ನೋಡುತ್ತ ಕಣ್ಣು ಎಳೆಯಿತು.

ಅರೆನಿದ್ದೆಯಲ್ಲಿ ಹಳೆಯ ಅಡುಗೆಮನೆ ಬಂತು. ಈ ದೇಶದ ಚಳಿಗಾಲದಲ್ಲಿ ಇಡ್ಲಿ ಮಾಡಿದವರಿಗೆಲ್ಲ ಗೊತ್ತಿರುವ ವಿದ್ಯೆ: ಹಿಟ್ಟಿನ ಪಾತ್ರೆಯನ್ನು ಓವನ್ ಒಳಗಿಟ್ಟು, ಓವನ್ ಹಚ್ಚದೆ, ಬರೀ ಅದರ ದೀಪ ಹಾಕಿಡುವುದು. ಐದು ವರ್ಷದ ಮೇಘಾ ಆ ಗಾಜಿನ ಬಾಗಿಲ ಮುಂದೆ ಮಂಡಿ ಅಪ್ಪಿಕೊಂಡು ಕೂತಿದ್ದಾಳೆ. ಮುಖದ ತುಂಬ ಹಳದಿ ಬೆಳಕು. ಹಿಟ್ಟು ಏನು ಮಾಡುತ್ತಿದೆ ಎಂದು ಕೇಳುತ್ತಾಳೆ. ನಿದ್ದೆ ಮಾಡುತ್ತಿದೆ, ಎಬ್ಬಿಸಬೇಡ ಎನ್ನುತ್ತಾಳೆ ಸುಮಿತ್ರ. ಮಗು ಅಲ್ಲೇ ತೂಕಡಿಸುತ್ತದೆ. ನಾನು ಎತ್ತಿಕೊಳ್ಳುತ್ತೇನೆ, ಅವಳ ಕೂದಲಿಗೆ ಉದ್ದಿನ ಹಿಟ್ಟಿನ ವಾಸನೆ. ಎಷ್ಟು ಹಗುರ ಇದ್ದಳು!

ಎಚ್ಚರವಾಯಿತು. ಗುಳ್ಳೆ ಇಲ್ಲ.

ಆಗ ಸುಮಿತ್ರ ಸಾವಿರ ಸಲ ಹೇಳಿದ ಇನ್ನೊಂದು ಮಾತು ನೆನಪಾಯಿತು. ಹಿಟ್ಟನ್ನು ಸೌಟಿನಲ್ಲಿ ಕಲಸಿದರೆ ಹುದುಗು ಬರುವುದಿಲ್ಲ, ಕೈ ಹಾಕಿಯೇ ಕಲಸಬೇಕು, ಕೈಯ ಬಿಸಿ ಹಿಟ್ಟಿಗೆ ತಾಗಬೇಕು. ಅವಳ ಕೈಗುಣ ನಮ್ಮ ಕನ್ನಡ ಬಳಗದಲ್ಲಿ ಪ್ರಸಿದ್ಧ. ಹಿಟ್ಟಿಗೆ ಆಗುವುದು ಬಿಯರಿಗೆ ಯಾಕಾಗಬಾರದು? ಮುಚ್ಚಳ ತೆಗೆದೆ. ಮೇಲೆ ತೆಳುವಾಗಿ ನೊರೆ ಇತ್ತು. ಪಾಕ ಸುರಿದಾಗ ಬಂದ ನೊರೆ ಇರಬೇಕು ಎಂದುಕೊಂಡೆ. ಕೈ ಇಳಿಸಿದೆ.

ಮತ್ತೆ ಮುಚ್ಚಳ ಒತ್ತಿದಾಗ ಕೊಳವೆಯಲ್ಲಿ ಬುಳಕ್ ಎಂದು ಒಂದು ಗುಳ್ಳೆ! ಒಂದೇ ಒಂದು. ನನಗೆ ಅಷ್ಟು ಸಾಕಾಯಿತು. ಮೇಲೆ ಓಡಿಹೋಗಿ ಸುಮಿತ್ರಳಿಗೆ ಹೇಳಿದೆ. ಅವಳು ನನ್ನ ಕೈಯನ್ನೇ ನೋಡಿದಳು.

"ಹಿಟ್ಟನ್ನ ಬೇಯಿಸಿ ತಿಂತೀವಿ ಕಣ್ರೀ. ಇದನ್ನೂ ಬೇಯಿಸ್ತೀರಾ?"

ಹೋಗಿ ಕೈ ತೊಳೆದುಕೊಂಡೆ.

ಒಮ್ಮೆ ಕೈ ಹಾಕಿದವನು ಸುಮ್ಮನಿರುತ್ತಾನೆಯೇ? ಬಾಟಲಿಗೆ ತುಂಬಿಸಿದ ವಾರ ಇನ್ನೊಂದು ಕೆಲಸ ಮಾಡಿದೆ. ಮೇಘಾ ಇರುವ ಕಟ್ಟಡದಲ್ಲೇ ನಮ್ಮ ಪರಿಚಯದ ವಿಜಯಾ ಎಂಬುವವರಿದ್ದಾರೆ. ಸಂಕ್ರಾಂತಿ ಊಟದ ವಿಷಯ ಮಾತಾಡುವ ನೆಪದಲ್ಲಿ ಫೋನ್ ಮಾಡಿ, ನಮ್ಮ ಮೇಘಾ ಲಿಫ್ಟಲ್ಲಿ ಸಿಗುತ್ತಾಳಾ, ಹೇಗಿದ್ದಾಳೆ ಎಂದು ವಿಚಾರಿಸಿದೆ. ಬೆಳಿಗ್ಗೆ ಬೇಗ ಎಲ್ಲಿಗೋ ಹೋಗುತ್ತಾಳೆ, ದಪ್ಪ ಬೂಟು ಹಾಕಿರುತ್ತಾಳೆ ಎಂದರು. ದಪ್ಪ ಬೂಟು? ಆ ವಾರ ನನಗೆ ಊಟ ಸೇರಲಿಲ್ಲ. (ಪ್ರಶ್ನೆ ಕೇಳಬೇಡ ಎಂದಿದ್ದು ಅವಳನ್ನು, ವಿಜಯಾರನ್ನಲ್ಲ. ಈ ವಾದ ಎಷ್ಟು ಗಟ್ಟಿ ಎಂದು ನೀವೇ ಹೇಳಿ.)

ಹೇಳಿದ ಭಾನುವಾರ, ಹೇಳಿದ ಹೊತ್ತಿಗೆ ಮೇಘಾ ಬಂದಳು. ಬೂಟು ನಿಜಕ್ಕೂ ದಪ್ಪಗಿತ್ತು. ಬಾಟಲಿ ತೆರೆದಾಗ ಬುಸ್ ಎಂದಿತು. ನನಗೆ ಜೀವ ಬಂತು. ಒಂದು ಗುಟುಕು ಕುಡಿದು ಅವಳು ಕಣ್ಣು ಮುಚ್ಚಿದಳು. ನಾನೂ ಕುಡಿದೆ. ಬಿಯರ್ ಎಂದರೆ ಬಿಯರ್. ಆದರೆ ಮೂರು ದಿನದ ಮಜ್ಜಿಗೆಯಷ್ಟು ಹುಳಿ.

ಮುಚ್ಚಳ ತೆಗೆದಿದ್ದೆಯಾ ಎಂದು ಕೇಳಿದಳು. ಕೈ ಹಾಕಿದ್ದನ್ನು ಸುಮಿತ್ರಳೇ ಅಭಿನಯಿಸಿ ತೋರಿಸಿದಳು. ಇಬ್ಬರೂ ನಕ್ಕು ನಕ್ಕು ಸಾಕಾದರು. ಆಮೇಲೆ ಮೇಘಾ ಬೇಸ್‌ಮೆಂಟಿಗೆ ಹೋಗಿ ಖಾಲಿ ಬಕೆಟ್ಟು ತಂದಳು. ಮುಚ್ಚಳವನ್ನು ಬೆಳಕಿಗೆ ಹಿಡಿದು ಸುತ್ತಲೂ ಬೆರಳಾಡಿಸಿ ನನ್ನ ಮುಂದೆ ಇಟ್ಟಳು. ಅಂಚಿನ ರಬ್ಬರ್ ಬಳೆ ಒಂದು ಕಡೆ ಮಡಚಿಕೊಂಡಿತ್ತು. ಮುಚ್ಚಳ ಸರಿಯಾಗಿ ಕೂತೇ ಇರಲಿಲ್ಲ. ಗಾಳಿಯೆಲ್ಲ ಕೊಳವೆಗೆ ಹೋಗದೆ ಆ ಸಂದಿಯಿಂದ ಸದ್ದಿಲ್ಲದೆ ಹೊರಗೆ ಹೋಗಿತ್ತು.

"ಇಟ್ ವಾಸ್ ಫೈನ್ ಆಲ್ ಅಲಾಂಗ್, ಅಪ್ಪ."

ಮೂವತ್ತು ವರ್ಷ ನೀರು ಶುದ್ಧೀಕರಿಸುವ ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿದ್ದವನು ನಾನು. ಪೈಪಿನ ರಬ್ಬರ್ ಬಳೆ ಮಡಚಿಕೊಂಡಿದೆಯೇ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಇದಕ್ಕಿಂತ ಹೆಚ್ಚು ಮರ್ಯಾದೆ ಹೋಗುವುದು ಹೇಗೆ?

ಇದಕ್ಕಿಂತ ಹೆಚ್ಚಿನದೂ ಇತ್ತು. ವಿಜಯಾ ಆಂಟಿಯನ್ನು ನೀನು ಕೇಳಿದ್ದೂ ಗೊತ್ತು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಆಮೇಲೆ ಹೇಳಿದಳು. ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಸೇರಿದ್ದಾಳೆ. ಹೊಸ ಕಟ್ಟಡಗಳಲ್ಲಿ ವೈರ್ ಎಳೆಯುತ್ತಾಳೆ. ಒಂದು ತಿಂಗಳು ಮಾಡಿ ನೋಡಿ, ತನ್ನ ಕೈಲಾಗುತ್ತದೆ ಎಂದು ತನಗೇ ಗೊತ್ತಾದ ಮೇಲೆ ನಮಗೆ ಹೇಳಬೇಕೆಂದಿದ್ದಳು.

"ಮೊದ್ಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ."

ಹೌದು, ಅನ್ನುತ್ತಿದ್ದೆ. ಮೊದಲ ದಿನವೇ ಕೈ ಹಾಕಿ ಕಲಸುತ್ತಿದ್ದೆ. ಅವಳ ಕೈ ಹಿಡಿದು ನೋಡಿದೆ. ಬೆರಳ ತುದಿಗಳು ಒರಟಾಗಿದ್ದವು, ಒಂದು ಕಡೆ ಬ್ಯಾಂಡೇಜು. ಮುಖದಲ್ಲಿ ಮಾತ್ರ ಓವನ್ ದೀಪದ ಮುಂದೆ ಕೂತಿದ್ದ ಮಗುವಿನ ಅದೇ ಬೆಳಕು. ನನಗೆ ಸಂತೋಷವಾಯಿತು, ಅದನ್ನು ಬಾಯಿಬಿಟ್ಟೇ ಹೇಳಿದೆ. ಅವಳು ಆ ಹುಳಿ ಬಿಯರನ್ನು ಲೋಟದ ತಳದವರೆಗೆ ಕುಡಿದಳು.

ಈಗ ಎರಡನೇ ಬ್ಯಾಚ್ ಫರ್ನೇಸ್ ಪಕ್ಕದಲ್ಲಿದೆ. ಕುರ್ಚಿಯನ್ನು ಮೇಲಕ್ಕೆ ತಂದುಬಿಟ್ಟಿದ್ದೇನೆ. ಕೆಳಗೆ ಬುಳಕ್ ಎನ್ನುತ್ತಿದೆಯೋ ಇಲ್ಲವೋ, ಇಲ್ಲಿಗೆ ಕೇಳಿಸುವುದಿಲ್ಲ.

ಗುಳ್ಳೆ ಕಾಣದಿದ್ದರೆ ಒಳಗೆ ಏನೂ ನಡೆಯುತ್ತಿಲ್ಲ ಎಂದು ನಮಗೆ ಹೇಳಿಕೊಟ್ಟವರು ಯಾರು?