ಬೀರವ್ವನ ಬೆರಳಿನ ಕಲೆ

ತಿಕೋಂಡಿಯ ಬೀರವ್ವನ ರಕ್ತ ತೆಗೆದವಳು ನಾನು. ದೊಡ್ಡ ಕಾಲೇಜಿನ ಡಾಕ್ಟರರ ವರದಿಯಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ವಿಠೋಬನ ಕೈ ಹಿಡಿದ ಮೇಲೆ ಮೂವತ್ತು ವರ್ಷ ಅವನ ಜೊತೆ ಬಯಲು ಸುತ್ತಿದಳು. ಮಕ್ಕಳಾಗಲಿಲ್ಲ. ಮಾತು ಕಡಿಮೆ, ಹಟ ಜಾಸ್ತಿ.

ಕಳೆದ ಚಳಿಗಾಲದಲ್ಲಿ ವೈರಸ್ ಜ್ವರ ಎದೆಗಿಳಿದು ವಿಠೋಬ ಜತ್ತಿನ ನಮ್ಮ ಆಸ್ಪತ್ರೆ ಸೇರಿದ. ಆಗಲೇ ಆ ಡಾಕ್ಟರರ ಅಧ್ಯಯನ ನಡೆಯುತ್ತಿತ್ತು. ಇಂಥ ಜ್ವರದೊಡನೆ ಕಾದಾಡುವಾಗ ದೇಹ ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತದಂತೆ. ಆ ಪೆಟ್ಟನ್ನು ತಡೆಯುವ ಆಂಟಿಆಕ್ಸಿಡೆಂಟ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಬೇಕಿತ್ತು. ಹೋಲಿಸಲು ರೋಗಿಯ ಮನೆಯ ಗಟ್ಟಿಮುಟ್ಟಾದವರೊಬ್ಬರ ರಕ್ತವೂ ಬೇಕು. ಬೀರವ್ವ ಕೈ ಚಾಚಿದಳು.

“ದಿನಾ ಹಣ್ಣು ತಿಂತೀರೇನ್ರಿ ಕಾಕೂ?” ಫಾರ್ಮಿನಲ್ಲಿದ್ದ ಪ್ರಶ್ನೆ ಕೇಳಿದೆ.

ಅವಳು ನಕ್ಕಳು, ಅಷ್ಟೆ. ದಾಳಿಂಬೆ ಬಿಡಿಸಿ ಬಿಡಿಸಿ ಬೆರಳು ಕಪ್ಪಾಗಿದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಬೆರಳು ನೋಡಿ ‘ದಿನಾಲೂ’ ಎಂದು ಬರೆದುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ವಾರದ ಮೇಲೆ ಫಲಿತಾಂಶ ಬಂತು. ಗಟ್ಟಿ ಎಂದು ಬರೆಸಿಕೊಂಡವಳ ಅಂಕಿ ರೋಗಿಯದಕ್ಕಿಂತ ಕೆಳಗಿತ್ತು.

“ದಾಕ್ಷಾಯಣಿ, ರಕ್ತದ ಸೀಸೆ ಚೀಟಿ ಅದಲಬದಲ ಮಾಡೀರಿ,” ಎಂದು ಡಾಕ್ಟರರು ಪಟ್ಟಿಯಲ್ಲಿ ಅವಳ ಹೆಸರಿಗೆ ಕಾಟು ಹೊಡೆದರು.

ಹತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ತಪ್ಪಾಗಿ ಅಂಟಿಸಿದವಳಲ್ಲ ನಾನು. ಸಿಟ್ಟಿನಿಂದ ವಾರ್ಡಿಗೆ ಹೋದೆ. ಅಲ್ಲಿ ಬೀರವ್ವನೇ ಜ್ವರ ಬಂದು ಮಲಗಿದ್ದಳು. ಚೇತರಿಸಿಕೊಂಡಿದ್ದ ವಿಠೋಬ ಪಕ್ಕದಲ್ಲಿ ಕೂತು ದಾಳಿಂಬೆ ಬಿಡಿಸುತ್ತಿದ್ದ. ಅವಳು ಬಾಯಿ ತೆರೆಯಲೊಲ್ಲಳು.

“ಏನ್ ಹರಕಿ ಹೊತ್ತೀ? ಹೇಳ,” ಎಂದ ಅವನು.

ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು. ಗಂಡ ಮತ್ತೆ ಕೋಲು ಹಿಡಿದು ಕುರಿ ಹಿಂದೆ ಹೋಗುವ ತನಕ ಹಣ್ಣು, ಹಾಲು, ಸೊಪ್ಪು ಮುಟ್ಟುವುದಿಲ್ಲವೆಂದು ಬೀರದೇವರಿಗೆ ಮಾತು ಕೊಟ್ಟಿದ್ದಳು. ಹದಿನೆಂಟು ದಿನದಿಂದ ಬರೀ ಒಣ ರೊಟ್ಟಿ, ಖಾರ. ಬಿಡಿಸಿದ್ದೆಲ್ಲ ಅವನ ಬಾಯಿಗೆ.

“ದೇವ್ರು ಸಿಟ್ಟಾಗೂದಿಲ್ರಿ ಕಾಕೂ, ತಿನ್ರಿ,” ಎಂದೆ.

“ಕೊಟ್ಟ ಮಾತು ಕೊಟ್ಟಂಗ, ಯವ್ವಾ.”

ಮರುದಿನ ಬೆಳಿಗ್ಗೆ ವಿಠೋಬ ಡಾಕ್ಟರರನ್ನು ಕಾಡಿ ಬೇಡಿ, ಜೀಪು ಹತ್ತಿ ಊರಿಗೆ ಹೋದ. ಮಧ್ಯಾಹ್ನ ನನಗೆ ಅವನ ಫೋನ್ ಬಂತು. ಏದುಸಿರು, ಕೆಮ್ಮು, ಅದರ ಹಿಂದೆ ಕುರಿಗಳ ಒದರಾಟ.

“ಫೋನ್ ಆಕೀ ಕಿವಿಗಿ ಹಿಡೀರಿ, ಬಾಯಾರ.” ಹಿಡಿದೆ. “ಕುರಿ ಹಿಂದ ಹೊಂಟೇನಿ ನೋಡ. ಕೋಲು ಕೈಯಾಗ ಐತಿ. ಈಗರೆ ತಿನ್ನ.”

ಬೀರವ್ವ ಕಣ್ಣು ಮುಚ್ಚಿ ಆ ಸದ್ದು ಕೇಳಿದಳು. ಆಮೇಲೆ ಬಾಯಿ ತೆರೆದಳು. ನಾನು ಒಂದೊಂದೇ ಕಾಳು ಇಟ್ಟೆ. ನಾಲ್ಕು ನುಂಗಿದಳು, ಐದನೆಯದಕ್ಕೆ ಕೆಮ್ಮು ಒತ್ತರಿಸಿ ಬಂತು, ಆಕ್ಸಿಜನ್ ಹಚ್ಚಿದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಹರಕೆಯೇ ಕೊಂದಿತು ಎನ್ನುವಷ್ಟು ನಾನು ಓದಿದವಳಲ್ಲ. ಆ ಅಂಕಿ ಮಾತ್ರ ಸುಳ್ಳಲ್ಲ. ಅವಳು ನಕ್ಕಾಗ ಇನ್ನೊಂದು ಮಾತು ಕೇಳಬೇಕಿತ್ತು ನಾನು. ಆ ಸಂಕಟ ಇನ್ನೂ ಹೋಗಿಲ್ಲ.

ವಿಠೋಬ ಕಂಬಳಿ ಹೊದ್ದು ಬಂದ. ಕೋಲು ಕೈಯಲ್ಲೇ ಇತ್ತು.

“ಬಾಯಾರ, ತಿಂದಿದ್ಳೇನ್ರಿ?”

“ತಿಂದಿದ್ಳು ಕಾಕಾ. ಹೊಟ್ಟಿ ತುಂಬ ತಿಂದಿದ್ಳು.”

ಅವನು ತಲೆಯಾಡಿಸಿದ. ಕೋಲನ್ನು ಗೋಡೆಗೆ ಆನಿಸಿಟ್ಟು, ಅವಳ ಕಪ್ಪು ಬೆರಳುಗಳನ್ನು ಕಂಬಳಿಯ ತುದಿಯಿಂದ ಒಂದೊಂದಾಗಿ ಒರೆಸತೊಡಗಿದ.