ಚಿಕ್ಕಣ್ಣನ ಪಂಪಿನ ಮುನಿಸು

ಚಾಮರಾಜಪುರಂನ ಕ್ಲಬ್ಬೊಂದರಲ್ಲಿ ಚಿಕ್ಕಣ್ಣ ಮೊದಲು ಮಾಲಿಯಾಗಿದ್ದ. ಹೂಟಗಳ್ಳಿಯಿಂದ ಸೈಕಲ್ ತುಳಿದು ಬಂದು ಬೇಲಿ ಕತ್ತರಿಸುತ್ತಿದ್ದ. ೧೯೫೮ರಲ್ಲಿ ಕ್ಲಬ್ಬಿನವರು ಈಜುಕೊಳ ಕಟ್ಟಿಸಿದಾಗ ಪಂಪು ನೋಡಿಕೊಳ್ಳುವ ಕೆಲಸವನ್ನು ಅವನಿಗೇ ಕೊಟ್ಟರು. ಜೊತೆಗೊಂದು ಖಾಕಿ ಕೋಟನ್ನೂ ಕೊಟ್ಟರು. ಕೋಟು ಬಂದ ಮೇಲೆ ಊರಿನಲ್ಲಿ ಅವನು ‘ಪಂಪಿನ ಚಿಕ್ಕಣ್ಣನೋರು’ ಆದ. ಬಿರುಬೇಸಿಗೆಯಲ್ಲೂ ಅದರ ಗುಂಡಿ ಬಿಚ್ಚುತ್ತಿರಲಿಲ್ಲ.

ಪಂಪಿನ ಕೋಣೆ ಕೊಳದ ಪಕ್ಕದಲ್ಲೇ, ನೆಲದ ಮಟ್ಟಕ್ಕಿಂತ ಕೆಳಗಿತ್ತು. ಕೊಳದ ನೀರು ಅಲ್ಲಿನ ತೊಟ್ಟಿಗೆ ಇಳಿಯುತ್ತಿತ್ತು. ಪಂಪು ಅದನ್ನು ಎಳೆದು, ಮರಳಿನಲ್ಲಿ ಸೋಸಿ, ಮತ್ತೆ ಕೊಳಕ್ಕೆ ಕಳಿಸುತ್ತಿತ್ತು. ಪ್ರತಿ ಶುಕ್ರವಾರ ಚಿಕ್ಕಣ್ಣ ಪಂಪಿಗೆ ಕುಂಕುಮವಿಟ್ಟು, ಹೆಂಡತಿ ದೇವೀರಮ್ಮ ಬಾಳೆನಾರಿನಲ್ಲಿ ಕಟ್ಟಿಕೊಟ್ಟ ಕನಕಾಂಬರದ ಹಾರ ಹಾಕುತ್ತಿದ್ದ. ಹಳೆಯ ಹಾರವನ್ನು ಕಸಕ್ಕೆ ಎಸೆಯುವುದುಂಟೇ? ಅದು ಯಾರ ಕಾಲಿಗೂ ಸಿಗಬಾರದು. ಕೊಳಕ್ಕೆ ಬಿಡೋಣವೆಂದರೆ ಅಲ್ಲಿ ದಿನವಿಡೀ ಕಾಲುಗಳೇ. ಹಾಗಾಗಿ ತೊಟ್ಟಿಗೆ ಬಿಡುತ್ತಿದ್ದ. ಮರುದಿನ ನೋಡಿದರೆ ಹಾರ ಮಾಯ. ಗಂಗಮ್ಮ ಒಪ್ಪಿಸಿಕೊಂಡಳೆಂದು ಕೈಮುಗಿಯುತ್ತಿದ್ದ.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಪಂಪು ಗೊರಗೊರ ಎನ್ನತೊಡಗಿತು. ವೆರಾಂಡದಲ್ಲಿ ಇಸ್ಪೀಟು ಆಡುವವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದಾಯಿತು. ಕಾರ್ಯದರ್ಶಿ ಸದಾಶಿವಯ್ಯನವರು ಎಲೆಗಳನ್ನು ಕೈಯಲ್ಲಿ ಹಿಡಿದೇ ಇಳಿದು ಬಂದರು.

“ಏನಯ್ಯ ಚಿಕ್ಕಣ್ಣ, ಇದರೊಳಗೆ ಜಲ್ಲಿಕಲ್ಲು ಹುರೀತಿದ್ದೀಯೇನು?”

“ಯಾಕೋ ಮುನಿಸ್ಕೊಂಡದೆ ಬುದ್ದಿ.”

“ಮುನಿಸ್ಕೊಳ್ಳೋಕೆ ಅದೇನು ನಿನ್ನ ಹೆಂಡ್ತೀನೇ? ಭಾನುವಾರದೊಳಗೆ ಸದ್ದು ಅಡಗಲಿಲ್ಲ ಅಂದ್ರೆ ಬೇರೆಯವನನ್ನ ಕರೆಸ್ತೀನಿ. ನೀನು ಕೋಟು ಬಿಚ್ಚಿಟ್ಟು ಮತ್ತೆ ಬೇಲಿ ಕತ್ತರಿಸ್ಕೊಂಡಿರು.”

ಚಿಕ್ಕಣ್ಣ ಬೋಲ್ಟುಗಳನ್ನು ಬಿಗಿ ಮಾಡಿದ. ಎಣ್ಣೆ ಬಿಟ್ಟ. ಪಂಪಿನ ಕೆಳಗೆ ಗೋಣಿ ಮಡಿಚಿಟ್ಟ. ಯಾವುದಕ್ಕೂ ಬಗ್ಗದಿದ್ದಾಗ ಪೂಜೆ ಹೆಚ್ಚಿಸಿದ: ದಿನಕ್ಕೊಂದು ಹಾರ, ಅದೂ ಮೊಳದುದ್ದ. ಹಾರ ಹೆಚ್ಚಿದಂತೆಲ್ಲ ಗೊರಕೆಯೂ ಹೆಚ್ಚಿತು.

ಶನಿವಾರ ಸಂಜೆ ಇನ್ನೂ ದೊಡ್ಡ ಹಾರ ಬೇಕೆಂದಾಗ ದೇವೀರಮ್ಮ ರೇಗಿದಳು.

“ಅದೇನು ಪಂಪೋ ಮದುವಣಗಿತ್ತಿಯೋ? ಗಿಡದಾಗೆ ಒಂದು ಮೊಗ್ಗು ಉಳಿದಿಲ್ಲ. ನಾನು ಹೂವ ಮುಡಿದು ಎಷ್ಟು ದಿನ ಆಯ್ತು ಗೊತ್ತಾ?”

“ಇದೊಂದು ಸಲ ಕಟ್ಟಮ್ಮಿ. ಇಲ್ದಿದ್ರೆ ಕೋಟು ಹೋಯ್ತದೆ.”

“ಕಟ್ತೀನಿ ಬುಡಿ. ಇಷ್ಟು ದಿನ ಕಟ್ಟಿದ್ನೆಲ್ಲ ಏನ್ ಮಾಡುದ್ರಿ?”

“ತೊಟ್ಟಿಗೆ ಬುಟ್ಟೆ. ಗಂಗಮ್ಮ ತಕ್ಕೊಂಡ್ಳು. ಬೆಳಗಾಗೋದ್ರೊಳಗೆ ಒಂದು ಎಸಳೂ ಇರಾಕಿಲ್ಲ ಕಣಮ್ಮಿ.”

ದೇವೀರಮ್ಮನ ಕೈ ನಿಂತಿತು. “ನಮ್ಮೂರ ಕೆರೇಲಿ ಬುಟ್ಟ ಹೂವು ವಾರಗಟ್ಲೆ ತೇಲ್ತಾ ಕೊಳೀತದೆ. ಅಲ್ಲಿರೋಳೂ ಗಂಗಮ್ಮನೇ ಅಲ್ವಾ? ನಿಮ್ ಕ್ಲಬ್ಬಿನೋಳ್ಗೆ ಮಾತ್ರ ಎಂಗೆ ಅಷ್ಟೊಂದು ಹಸಿವು?”

 

ಭಾನುವಾರ ಬೆಳಿಗ್ಗೆ ಚಿಕ್ಕಣ್ಣ ಪಂಪು ನಿಲ್ಲಿಸಿ, ಕೋಟು ಬಿಚ್ಚಿ ಮೊಳೆಗೆ ಹಾಕಿ, ಬೋರಲು ಮಲಗಿ ತೊಟ್ಟಿಯೊಳಗೆ ಭುಜದವರೆಗೂ ತೋಳು ಇಳಿಬಿಟ್ಟ. ನೀರೆಳೆಯುವ ಕೊಳವೆಯ ಬಾಯಿಗೊಂದು ಜಾಲರಿ ಇತ್ತು. ಕೋಣೆಯೊಳಗಿನ ತೊಟ್ಟಿಗೆ ತರಗೆಲೆ ಬೀಳದು ಎಂದು ಅದನ್ನವನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಈಗ ಅದು ಕಂಬಳಿ ಹೊದ್ದಂತಿತ್ತು. ಎಳೆದ, ಹಾರದ ಹಿಂದೆ ಹಾರ ಬಂತು. ಎಸಳೆಲ್ಲ ಕರಗಿ ಕಪ್ಪಾಗಿದ್ದವು; ಬಾಳೆನಾರಿನ ಗಂಟುಗಳು ಮಾತ್ರ ದೇವೀರಮ್ಮನವೇ. ಪಂಪು ಪಾಪ, ಇಷ್ಟು ದಿನ ನೀರು ಸಾಲದೆ ಗಾಳಿ ನುಂಗಿ ಒದ್ದಾಡುತ್ತಿತ್ತು. ಮತ್ತೆ ಚಾಲೂ ಮಾಡಿದ; ಹೊಟ್ಟೆತುಂಬ ನೀರು ಸಿಕ್ಕೊಡನೆ ದುಂಬಿಯಂತೆ ಗುಂಯ್‌ಗುಡತೊಡಗಿತು.

ಸದಾಶಿವಯ್ಯನವರು ಬಂದಾಗ ವೆರಾಂಡದವರೆಗೆ ಒಂದು ಸದ್ದೂ ಕೇಳಿಸಲಿಲ್ಲ. ಇಳಿದು ಬಂದು ನೋಡಿದರೆ ಕೋಟು ಮೊಳೆಯ ಮೇಲೆ.

“ಕೆಟ್ಟೇ ಹೋಯ್ತೇ? ಹೇಳೋಕೆ ಮುಂಚೇನೇ ಕೋಟು ಬಿಚ್ಚಿಟ್ಟಿದ್ದೀಯಲ್ಲಯ್ಯ!”

“ಇಲ್ಲಿ ಕೈ ಇಟ್ಟು ನೋಡಿ ಬುದ್ದಿ.”

ಇಟ್ಟರು. ಅಂಗೈಯಡಿ ಪಂಪು ನವಿರಾಗಿ ನಡುಗುತ್ತಿತ್ತು.

“ಅರೆ, ಓಡ್ತಾ ಇದೆಯಲ್ಲೋ! ಏನು ರಿಪೇರಿ ಮಾಡ್ದೆ?”

ಚಿಕ್ಕಣ್ಣ ಕೊಳೆತ ಹಾರಗಳ ಕಪ್ಪುಗುಡ್ಡೆಗೆ ಅಡ್ಡ ನಿಂತು ಕೋಟು ತೊಟ್ಟುಕೊಂಡ. “ಪೂಜೆ ವಸಿ ಕಮ್ಮಿ ಮಾಡ್ದೆ ಬುದ್ದಿ,” ಎಂದು ಕೊನೆಯ ಗುಂಡಿ ಹಾಕಿದ.

ಆ ಹಾರಗಳೆಲ್ಲ ಬೇಲಿಯ ಬುಡಕ್ಕೆ ಗೊಬ್ಬರವಾದವು. ಅಂದಿನಿಂದ ಶುಕ್ರವಾರ ಪಂಪಿಗೆ ಒಂದೇ ಒಂದು ಹೂವು. ಮಿಕ್ಕ ಕನಕಾಂಬರವೆಲ್ಲ ದೇವೀರಮ್ಮನ ತುರುಬಿಗೆ.