ಅವ್ವನ ಬಣ್ಣದ ಕೈ

ನಮ್ಮ ಮನೆಯ ಬಣ್ಣದ ಪುಡಿ ಈಗ ಹಡಗು ಹತ್ತುತ್ತದೆ. ದುಬೈನ ಮಿಠಾಯಿಗೂ ಅದೇ, ಆಫ್ರಿಕಾದ ಶರಬತ್ತಿಗೂ ಅದೇ. ನನ್ನ ತಮ್ಮ ಕಂಪನಿಯ ಮಾಲೀಕ. ನಾನು ಮಾಲೀಕನ ಅಕ್ಕ, ಹಬ್ಬಕ್ಕೊಂದು ಸೀರೆ ಬರುವಷ್ಟು ದೊಡ್ಡವಳು. ಕಂಪನಿಯ ಚರಿತ್ರೆ ಎಂದು ಅವನೊಂದು ಪುಸ್ತಕ ಅಚ್ಚು ಹಾಕಿಸಿದ್ದಾನೆ. ಅದರ ಮೊದಲ ಪುಟದ ಪ್ರಕಾರ ನಮ್ಮ ಅವ್ವ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಸಿಪ್ಪೆ ಕುದಿಸಿ ಬಣ್ಣ ತೆಗೆಯುತ್ತಿದ್ದಳು.

ಸತ್ಯದ ತಲೆಯ ಮೇಲೆ ಹೊಡೆದಂಥ ಸುಳ್ಳು. ಕಮಲಾಪುರದ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ, ಆ ಹಣ್ಣಿನ ಕೆಂಪು ಸಿಪ್ಪೆಯ ಮೇಲಷ್ಟೇ, ಕುದಿಸಿದರೆ ರಾಡಿ ನೀರು. ಅವ್ವ ಆ ಸಿಪ್ಪೆಯನ್ನು ಆಡುಗಳಿಗೆ ತಿನ್ನಲು ಹಾಕುತ್ತಿದ್ದಳು.

ನಡೆದದ್ದು ಬೇರೆ. ಅಪ್ಪ ಕಮಲಾಪುರ ಬಿಟ್ಟು ಕಲಬುರಗಿಗೆ ಬಂದು ರೋಜಾ ಬಡಾವಣೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದ. ಮುಂಬೈಯಿಂದ ಡಬ್ಬಿಗಳಲ್ಲಿ ಕಡುಬಣ್ಣದ ಪುಡಿ ತರಿಸಿ, ಉಪ್ಪು ಬೆರೆಸಿ ಹದ ಮಾಡಿಸಿ, ಪೊಟ್ಟಣ ಕಟ್ಟಿ ಸೈಕಲ್ಲಿನ ಮೇಲೆ ಮಾರುತ್ತಿದ್ದ. ಜಿಲೇಬಿಯವರು, ಬಿರಿಯಾನಿಯವರು, ಉರುಸಿನ ದಿನಗಳಲ್ಲಿ ಮಿಠಾಯಿ ಅಂಗಡಿಯವರು ಅವನ ಗಿರಾಕಿಗಳು. ಬೆರೆಸುವುದೆಲ್ಲ ಅವ್ವ. ಪುಡಿ ಹಾರುತ್ತದೆಂದು ಕಿಟಕಿ ಮುಚ್ಚಬೇಕು, ಫ್ಯಾನು ಹಾಕುವಂತಿಲ್ಲ. ಅದೂ ಕಲಬುರಗಿಯ ಬೇಸಿಗೆಯಲ್ಲಿ! ಅಗಲ ತಟ್ಟೆಯಂಥ ದೊಡ್ಡ ಪರಾತದ ಮುಂದೆ ಕುಳಿತು ಮೊಣಕೈತನಕ ಕೈಯಾಡಿಸುತ್ತಿದ್ದಳು. ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಒಂದು ಚಿಟಿಕೆ ಉದುರಿಸಿ, ಹರಡಿದ ಬಣ್ಣ ನೋಡಿ, ‘ಇನ್ನೊಂದ್ ಮುಟಗಿ ಉಪ್ಪು’ ಎನ್ನುತ್ತಿದ್ದಳು. ಅವಳ ಕಣ್ಣಳತೆ ಒಮ್ಮೆಯೂ ತಪ್ಪಲಿಲ್ಲ. ಮುಂದೆ ಕುಸನೂರಿನಲ್ಲಿ ಶೆಡ್ಡು ಬಂತು, ಆಮೇಲೆ ಕೋಟನೂರಿನಾಚೆ ಕಾರ್ಖಾನೆ. ಅಲ್ಲಿಗೆ ಯಂತ್ರ ಬರುವತನಕ ಅವಳ ಕೈಗೆ ಬಿಡುವಿರಲಿಲ್ಲ.

ಆ ಬಣ್ಣ ತೊಳೆದರೆ ಹೋಗುವಂಥದ್ದಲ್ಲ. ನಿಂಬೆಹಣ್ಣು, ಹುಣಸೆಹಣ್ಣು, ಸೀಗೆಪುಡಿ, ಎಲ್ಲ ಹಚ್ಚಿ ತಿಕ್ಕಿದ್ದಾಯಿತು. ಬೆರಳ ಸಂದಿಯಲ್ಲಿ ಕೇಸರಿ, ಉಗುರಿನಡಿ ಹಸಿರು. ಅವಳು ಬಡಿದ ಜೋಳದ ರೊಟ್ಟಿಯ ಮೇಲೂ ಬೆರಳಿನ ಗುರುತು ಇರುತ್ತಿತ್ತು. ಶಾಲೆಯಲ್ಲಿ ನಾನು ಆ ಮಗ್ಗುಲು ಕೆಳಗೆ ಮಾಡಿಕೊಂಡು ತಿನ್ನುತ್ತಿದ್ದೆ. ಅನ್ನ ಹಾಕಿದ ಕೈ ಕಂಡರೆ ನನಗೆ ನಾಚಿಕೆ. ನನ್ನ ಮದುವೆಯ ಫೋಟೋ ತೆಗೆಯುವಾಗ ನಾನೇ ಅವಳ ಕಿವಿಯಲ್ಲಿ ಹೇಳಿದೆ.

‘ಯವ್ವಾ, ಕೈ ಸೆರಗಿನಾಗ ಇಟ್ಕೊ. ಬೀಗರು ನೋಡ್ಲಕತ್ತಾರ.’

ಅವ್ವ ಇಟ್ಟುಕೊಂಡಳು. ಒಂದು ಹೆಬ್ಬೆರಳು ಮಾತ್ರ ಹೊರಗುಳಿಯಿತು, ಕೇಸರಿ ಬಣ್ಣದ್ದು. ಅವಳದೆಂದು ನಮ್ಮಲ್ಲಿ ಇದ್ದದ್ದು ಅದೊಂದೇ ಫೋಟೋ.

ಹೋದ ವರ್ಷ ತಮ್ಮ ಆ ಫೋಟೋ ಕೇಳಿಕೊಂಡು ಬಂದ. ಹೊರದೇಶದ ಗಿರಾಕಿಗಳಿಗೆ ತೋರಿಸಲು ಕಮಲಾಪುರದ ಬಾಳೆತೋಟದಲ್ಲಿ ಅತಿಥಿಗೃಹ ಕಟ್ಟಿಸಿದ್ದ.

‘ಅಕ್ಕಾ, ಅವರಿಗಿ ಈಗ ಗಿಡದಾಗಿಂದೇ ಬಣ್ಣ ಬೇಕು. ಡಬ್ಬಿದು ಅಂದ್ರ ಮಾರಿ ತಿರುಗಸ್ತಾರ. ನೀ ಅವ್ವನ ಮಗಳು, ಬಂದು ನಾಕ್ ಮಾತ ಹೇಳು.’

‘ಬಾಳೆಹಣ್ಣಿನ ಸುಳ್ಳು ನಾ ಹೇಳಂಗಿಲ್ಲ. ಅವ್ವನ ಕೈ ಹ್ಯಾಂಗ ಇದ್ದವು ಅಂತ ಹೇಳ್ತೀನಿ. ನಡೀತದೇನು?’

‘ಹೇಳು, ಹೇಳು’ ಎಂದು ನಕ್ಕು ಫೋಟೋ ಒಯ್ದ.

ಉದ್ಘಾಟನೆಯ ದಿನ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ: ಮುಚ್ಚಿದ ಕಿಟಕಿ, ನಿಂತ ಫ್ಯಾನು, ರೊಟ್ಟಿಯ ಮೇಲಿನ ಬೆರಳು. ಅವ್ವ ಬದುಕಿದ್ದಾಗ ನಾನು ಮುಚ್ಚಿಸಿದ ಕೈಯನ್ನು ಒಂದು ಸಲವಾದರೂ ನಾಲ್ಕು ಮಂದಿಯ ಮುಂದೆ ಹೊರಗೆ ತೆಗೆಯಬೇಕಿತ್ತು.

ಒಳಗೆ ಹೋದರೆ ಗೋಡೆಯ ತುಂಬ ಅವ್ವ. ಅದೇ ಮುಖ, ಅದೇ ಸೀರೆ. ಸೆರಗಿನಿಂದ ಮಾತ್ರ ಎರಡು ಕೈ ಹೊರಬಂದಿದ್ದವು, ಯಾರವೋ ಏನೋ. ಬೆಳ್ಳನೆಯ ನೀಳ ಬೆರಳುಗಳು ಕೆಂಪು ಬಾಳೆಯ ಗೊನೆ ಹಿಡಿದಿದ್ದವು. ಕಂಪ್ಯೂಟರಿನಲ್ಲಿ ಹಚ್ಚಿದ್ದರು. ಆ ಒಂದು ಹೆಬ್ಬೆರಳನ್ನೂ ಒರೆಸಿಬಿಟ್ಟಿದ್ದರು.

ಹೊರದೇಶದ ಹೆಂಗಸೊಬ್ಬಳು ಚಿತ್ರ ನೋಡಿ ಏನೋ ಕೇಳಿದಳು. ತಮ್ಮ ನನ್ನ ಕಡೆ ತಿರುಗಿದ.

‘ಅಕ್ಕಾ, ಅವ್ವನ ಕೈ ಎಷ್ಟ್ ಛಂದ ಅವ, ಖರೇನೂ ಹಿಂಗೇ ಇದ್ದವೇನು ಅಂತ ಕೇಳ್ಲಕತ್ತಾರ.’

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜೋಡಿಸಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ಸಾಲಿನಲ್ಲಿ ತಮ್ಮನ ಹೊಸ ಬೀಗರು ಕುಳಿತಿದ್ದರು.

‘ಹೂಂ’ ಎಂದೆ. ‘ಹಿಂಗೇ ಇದ್ದವು.’

ಆಮೇಲೆ ಮನೆಯವರನ್ನೆಲ್ಲ ಚಿತ್ರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು.

‘ಅಮ್ಮಾರ, ಕೈ ಹೊರಗ ತಗೀರಿ, ಛಂದ ಬರ್ತದ’ ಎಂದ ಫೋಟೋದವನು.

ಬಗ್ಗಿ ನೋಡಿಕೊಂಡೆ. ಒಂದು ಕಲೆಯೂ ಇಲ್ಲದ ನನ್ನ ಕೈಗಳು ಸೆರಗಿನೊಳಗಿದ್ದವು.